ಎಂಬತ್ತಮೂರು ಗಂಟು, ಮೂರು ಕಿತ್ತಳೆ

೧. ಎಲ್ಲಿಂದ ಶುರು ಮಾಡಲಿ, ಓದುಗರೇ? ಯಂತ್ರದಿಂದಲೋ, ಅಂದಾನಪ್ಪನಿಂದಲೋ? (ಯಂತ್ರದಿಂದ ಶುರುವಾದ ಕರಡು ಶಾಲೆಯ ಪಾಠದ ಹಾಗಿತ್ತು. ಹರಿದೆ.)

೨. ೧೯೫೪, ಗಜೇಂದ್ರಗಡ. ಶಿವನಪ್ಪನ ಚಹಾದಂಗಡಿಗೆ ಮುಂಬಯಿಯಿಂದ ಒಂದು ಸ್ಲಾಟ್ ಮಷಿನ್ ಬಂದಿದೆ. ನಿಜವಾಗಿ ಬಂದಿತ್ತೇ ಎಂದು ಕೇಳಬೇಡಿ, ಕತೆಯೊಳಕ್ಕೆ ತರಿಸಿದವನು ನಾನೇ. ಒಂದಾಣೆ ಹಾಕಿ ಹಿಡಿಕೆ ಎಳೆದರೆ ಮೂರು ಗಾಲಿ ಗರಗರ ತಿರುಗಿ ನಿಲ್ಲುತ್ತವೆ. ಮೂರರಲ್ಲೂ ಕಿತ್ತಳೆ ಬಂದರೆ ಬೊಗಸೆ ತುಂಬ ದುಡ್ಡು.

೩. ನೇಕಾರ ಅಂದಾನಪ್ಪನಿಗೆ ಹೆಂಡತಿ ವೀರವ್ವ ನೂಲು ತರಲು ಐದು ರೂಪಾಯಿ, ಅಂದರೆ ಎಂಬತ್ತಾಣೆ, ಕೊಟ್ಟಿದ್ದಳು, ಆಟಕ್ಕೆಂದೇ ಬೇರೆ ನಾಲ್ಕಾಣೆ. ಗೆದ್ದರೂ ಸೋತರೂ ನಾಲ್ಕಾಣೆಗೇ ಎದ್ದು ಬರಬೇಕೆಂಬುದು ಅವಳ ಕರಾರು. ನೂಲಿಲ್ಲದಿದ್ದರೆ ನಾಳೆ ಮಗ್ಗ ನಿಲ್ಲುತ್ತದೆ. ಈಗ ಅವನ ಕೈಯಲ್ಲಿರುವುದು ಒಂದೇ ಆಣೆ.

ಎಂಥವನನ್ನು ಹುಟ್ಟಿಸಿದೆನಪ್ಪಾ!

೪. "ಸಾಕ್ ಮಾಡ್ರಿ, ಅಂದಾನಪ್ಪ," ಎಂದೆ.

"ಸುಮ್ನಿರ್ರಿ. ಸೀರಿ ಅಂಚಿನಾಗ ಒಂದ್ ಹೂವು ಬಂತಂದ್ರ, ಇಂತಿಷ್ಟ ಎಳಿ ಆದಮ್ಯಾಲ ಮತ್ತ ಬರೂದ. ಎಣಿಸಿದ್ರ ಸಿಗತೈತಿ. ಇದೂ ಹಂಗ."

ಒಂದು ದಾರ ತೋರಿಸಿದ. ಎಳೆತಕ್ಕೊಂದರಂತೆ ಎಂಬತ್ತಮೂರು ಗಂಟು.

೫. ಗಡಿಯಾರ ರಿಪೇರಿ ಮಾಡುವ ನಜೀರಸಾಬ ಯಂತ್ರದ ಹಿಂಬದಿ ಬಿಚ್ಚಿದ. (ಅವನನ್ನು ಕರೆಸಿದ್ದು ನಾನೇ, ಬೇರೆ ದಾರಿ ತೋಚಲಿಲ್ಲ.)

"ನೋಡ್ರಿ, ಒಂದೊಂದ್ ಗಾಲಿಗೆ ಇಪ್ಪತ್ತು ಚಿತ್ರ, ಕಿತ್ತಳಿ ಒಂದ. ಮೂರೂ ಕೂಡೂದು ಎಂಟು ಸಾವಿರಕ್ಕ ಒಮ್ಮೆ. ಅದೂ ಖಾತ್ರಿ ಇಲ್ಲ. ನೀವು ಹಿಂದ ಎಷ್ಟ್ ಸಲ ಎಳದ್ರಿ ಅನ್ನೂದು ಇದಕ್ಕ ಗೊತ್ತಾಗಂಗಿಲ್ರಿ."

"ಗೊತ್ತಾಗಂಗಿಲ್ಲಂದ್ರ? ಇಷ್ಟೊತ್ತು ನಾ ಎಳದದ್ದು?" ಅಂದಾನಪ್ಪ ಗಂಟಿನ ದಾರವನ್ನು ಅವನ ಮುಂದೆ ಹಿಡಿದ.

೬. ಮುಕ್ತಾಯ ಒಂದು: ಕಿತ್ತಳೆ ಬಂದವು. (ನಾಳೆ ಮತ್ತೆ ಬರುತ್ತಾನೆ. ಹರಿದೆ.)

ಮುಕ್ತಾಯ ಎರಡು: ಬರಲಿಲ್ಲ. (ಮಗ್ಗ ಮಾರಿಯಾದರೂ ಬರುತ್ತಾನೆ. ಹರಿದೆ.)

ಮುಕ್ತಾಯ ಮೂರು: ಖರೇ ಹೇಳಬೇಕೆಂದರೆ, ತಲೆ ಕೆಟ್ಟುಹೋಗಿದೆ.

೭. ಅಷ್ಟರಲ್ಲಿ ವೀರವ್ವ ಬಾಗಿಲಲ್ಲಿ. (ನಾನು ಕರೆದಿರಲಿಲ್ಲ.) ದಾರ ಕೈಗೆತ್ತಿಕೊಂಡು ಗಂಟುಗಳ ಮೇಲೆ ಬೆರಳಾಡಿಸಿದಳು.

"ಇಷ್ಟ್ ಗಂಟಿದ್ದ ದಾರ ನೇಯಾಕ ಬರಂಗಿಲ್ಲ. ಆಣೆ ಕೊಡ್ರಿ, ಒಂದ್ ಆಣೆಗೆ ಎಷ್ಟ್ ಬರತೈತೋ ಅಷ್ಟ ನೂಲು ತರೂಣು."

ಆಮೇಲೆ ನನ್ನ ಕಾಲ ಬಳಿ ಬಿದ್ದ ಹರಿದ ಹಾಳೆಗಳನ್ನು ನೋಡಿದಳು.

"ನಿಮ್ದು ಎಷ್ಟನೇ ಸಲರಿ?"

"ಇನ್ನೊಂದೇ ಸಲ, ವೀರವ್ವ. ಮುಂದಿನದು ಸರಿಯಾಗೇ ಬರುತ್ತದೆ," ಎಂದೆ.

ಅಂದಾನಪ್ಪ ನನ್ನ ಮುಖವನ್ನೇ ನೋಡಿದ. ಒಂದು ಕೈಯಲ್ಲಿ ಆಣೆ, ಇನ್ನೊಂದು ಕೈ ಹಿಡಿಕೆಯ ಮೇಲೆ. ವೀರವ್ವ ಅಂಗೈ ಚಾಚಿಯೇ ನಿಂತಿದ್ದಾಳೆ.

ನಾನು ಹೊಸ ಹಾಳೆ ತೆಗೆದುಕೊಂಡೆ.