ಸಿದ್ದಕ್ಕನ ಹೂಂ

“ಮುಂದೇನಾತು?”

ಮೊರದಲ್ಲಿ ಜೋಳ ಹಸನು ಮಾಡುತ್ತಾ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದ ಸಿದ್ದಕ್ಕನ ಬಾಯಿಂದ ಮಾತು ತಾನಾಗಿ ಜಾರಿತ್ತು. ಎದುರಿಗೆ ಯಾರೂ ಇರಲಿಲ್ಲ. ಮಹಾಂತಮ್ಮ ಗೋಡೆಗೆ ಬೆನ್ನು ಆನಿಸಿ ಕೂರುತ್ತಿದ್ದ ಮೇಲಿನ ಮೆಟ್ಟಿಲಲ್ಲಿ ಯಾರದೋ ಚಪ್ಪಲಿ ಬಿದ್ದಿತ್ತು. ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಮನೆಯೊಡತಿ ಅಶ್ವತ್ಥಮ್ಮ ಕತ್ತೆತ್ತಿ ನೋಡಿದರು.

“ಯಾರ್ ತಾವ ಮಾತಾಡ್ತಿದ್ದೀಯಮ್ಮಾ ಸಿದ್ದಕ್ಕಾ? ಆಯಮ್ಮ ಮನೆ ಖಾಲಿ ಮಾಡ್ಕೊಂಡು ಓಗಿ ತಿಂಗಳ ಮೇಲಾಯ್ತು. ಇನ್ನೂ ಗೋಡೆಗೆ ಊಂ ಅಂತ ಕೂತಿದ್ದೀಯಲ್ಲ!”

“ಗ್ವಾಡಿಗಿ ಅಲ್ರೀ ಅಮ್ಮಾರ, ಜ್ವಾಳಕ್ಕ ಕೇಳಿದ್ನಿ. ಹುಳಾ ಹಿಡದಾವು, ಮುಂದೇನಾತು ಅಂತ.”

ಅಶ್ವತ್ಥಮ್ಮ ನಕ್ಕರು. ಸಿದ್ದಕ್ಕ ನಗಲಿಲ್ಲ. ಮೊರ ಕೇರಿದಳು. ಹೊಟ್ಟು ಹಾರಿತು.

ಟಿ. ದಾಸರಹಳ್ಳಿಯ ಆ ವಠಾರದ ತುಂಬ ಹುನಗುಂದ, ಇಳಕಲ್ಲು, ಕುಷ್ಟಗಿಯ ಕಡೆಯವರು. ಗಂಡಸರು ಪೀಣ್ಯದ ಕಾರ್ಖಾನೆಗಳಿಗೆ, ಇಲ್ಲವೇ ಕಟ್ಟಡದ ಕೆಲಸಕ್ಕೆ ಹೋಗುವವರು. ಸಿದ್ದಕ್ಕನೂ ನಟ್ಟು ಬೋಲ್ಟು ಮಾಡುವ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಸಂಜೆಗೆ ಬಂದು ಕೈಕಾಲು ತೊಳೆದು ವಿಭೂತಿ ಧರಿಸಿದರೆ ಅವಳಿಗೆ ಇದ್ದದ್ದು ಈ ಮೆಟ್ಟಿಲು, ಮತ್ತು ಮಹಾಂತಮ್ಮನ ಪುರಾಣ.

ಮಹಾಂತಮ್ಮ ಓದು ಬರಹ ತಿಳಿದವಳಲ್ಲ. ಊರ ಮಠದಲ್ಲಿ ಶ್ರಾವಣದ ತಿಂಗಳು ಕೇಳಿ ಕೇಳಿ ಕಂಠದಲ್ಲಿ ಕೂತದ್ದನ್ನು ಹೇಳುತ್ತಿದ್ದಳು. ಒಂದು ಪದ ಹಾಡುವುದು, ಆಮೇಲೆ ಮಾತಿನಲ್ಲಿ ಬಿಡಿಸುವುದು. ಹೇಳುವವಳು ಒಬ್ಬಳಿದ್ದರೆ ಪುರಾಣ ಸಾಗದು. ಎದುರಿಗೆ ಒಬ್ಬರು ಹೂಂಗುಡಬೇಕು. ಆ ಕೆಲಸ ಸಿದ್ದಕ್ಕನದು. ಚಿಕ್ಕವಳಿದ್ದಾಗ ಅವಳ ಅಜ್ಜ, ಮುತ್ಯಾ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಠದಲ್ಲಿ ಕಲಿಸಿದ್ದ. ದುಃಖದ ಜಾಗದಲ್ಲಿ ಹೂಂ ಎದೆಯಿಂದ ಬರಬೇಕು, ಸೋಜಿಗದ ಜಾಗದಲ್ಲಿ ಮೂಗಿನಿಂದ. ಹೇಳುವವರಿಗೆ ಉಸಿರು ಸಾಲದಿದ್ದರೆ ಎಳೆದು ಅನ್ನಬೇಕು. ಅವರು ತಪ್ಪಿದರೆ ಮಾತ್ರ ಅನ್ನಬಾರದು. ಬಾಯಿ ಬಿಗಿಹಿಡಿದು ಕೂರಬೇಕು. ದೊಡ್ಡವರಿಗೆ ಬಾಯಿಬಿಟ್ಟು ತಪ್ಪಾಯಿತು ಎನ್ನುವುದುಂಟೆ? ಹೂಂ ಬಾರದಿದ್ದರೆ ಅವರಿಗೇ ತಿಳಿಯುತ್ತದೆ. ಹಿಂದೆ ಹೋಗಿ ಪದ ಸರಿಮಾಡಿಕೊಂಡು ಬರುತ್ತಾರೆ. ಆಗ ಅನ್ನಬೇಕು.

ಮಹಾಂತಮ್ಮನಿಗೆ ವಯಸ್ಸಾದಂತೆ ಶರಣರ ಊರುಗಳು ಅದಲುಬದಲಾಗುತ್ತಿದ್ದವು. ಸಿದ್ದಕ್ಕ ಸುಮ್ಮನಾಗುವಳು. ಮುದುಕಿ ಅಲ್ಲೇ ನಿಂತು, ಕಣ್ಣು ಮುಚ್ಚಿ, “ತಡಿ, ತಡಿ, ಹಾದಿ ಬಿಟ್ನಿ ನೋಡು,” ಎಂದು ಹೊರಳಿ ಬರುವಳು. ಮೊದಲು ಮೆಟ್ಟಿಲ ತುಂಬ ಹೆಂಗಸರಿದ್ದಾಗಲೂ ಈ ಗುಟ್ಟು ಇವರಿಬ್ಬರಿಗೇ ಗೊತ್ತಿತ್ತು.

ಆ ಹೆಂಗಸರು ಒಬ್ಬೊಬ್ಬರಾಗಿ ಕರಗಿದರು. ಯಾರೂ ಜಗಳವಾಡಿ ಹೋಗಲಿಲ್ಲ. ಲಕ್ಷ್ಮವ್ವ ಮೊದಲು ಫೋನು ಹಿಡಿದುಕೊಂಡೇ ಬಂದು ಕೂತಳು, ಆಮೇಲೆ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಒಳಗೆ ಹೋದಳು. ಸುಮಂಗಲಾ, “ಪುರಾಣ ಯೂಟ್ಯೂಬಿನ್ಯಾಗೂ ಬರ್ತೈತಿ ಬಿಡ್ರಿ, ರೊಟ್ಟಿ ಬಡಕೋತ ಕೇಳ್ತೀನಿ,” ಎಂದಳು. ಕೇಳಿದಳೋ ಇಲ್ಲವೋ, ಹೊರಗೆ ಬರಲಿಲ್ಲ. ಒಂದೊಂದು ಬಾಗಿಲ ಹಿಂದೆ ಒಂದೊಂದು ದನಿ ಗುನುಗತೊಡಗಿತು. ಯಾವುದಕ್ಕೂ ಯಾರೂ ಹೂಂ ಅನ್ನುತ್ತಿರಲಿಲ್ಲ. ಪಾಳಿ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದ ಭೀಮಪ್ಪ, “ಏನವ್ವಾ, ಸಭಾ ಬರ್ಖಾಸ್ತ ಆಗೈತಿ, ನೀವಿಬ್ರ ಇನ್ನೂ ಕುಂತೀರಿ,” ಎಂದು ಕಾಲೆಳೆಯುತ್ತಿದ್ದ.

“ಕೇಳೋರೊಬ್ರು ಇದ್ರ ಸಭಾನ ಅದು. ನೀ ನಡೀಯಪಾ ಒಳಗ,” ಅನ್ನುತ್ತಿದ್ದಳು ಮಹಾಂತಮ್ಮ.

ಮಹಾಂತಮ್ಮನ ಮೊಮ್ಮಗಳು ಶಿವಗಂಗಾ ಕೆಲಸ ಮಾಡುತ್ತಿದ್ದ ಗೋದಾಮು ಮಾಕಳಿಯಿಂದ ಮಹದೇವಪುರದ ಕಡೆಗೆ ಎದ್ದುಹೋಯಿತು. ಅಜ್ಜಿಗೆ ಮೊಮ್ಮಗಳು, ಮೊಮ್ಮಗಳಿಗೆ ಅಜ್ಜಿ. ಇಬ್ಬರೇ. ಮನೆ ಬದಲಿಸದೆ ದಾರಿಯಿರಲಿಲ್ಲ. ಸಾಮಾನು ತುಂಬಿದ ಟೆಂಪೊ ಕೆಳಗೆ ಹಾರನ್ನು ಹೊಡೆಯುವಾಗ ಮಹಾಂತಮ್ಮ ಮೆಟ್ಟಿಲ ಮೇಲೆ ಕೂತು ಕಲ್ಲವ್ವ ಶರಣೆಯ ಕಥೆ ಹೇಳುತ್ತಿದ್ದಳು. ಬಾಗಿಲಿಗೆ ಬಂದ ಜಂಗಮ ಭಿಕ್ಷೆಯಾಗಿ ಹಸುವನ್ನೇ ಕೇಳುತ್ತಾನೆ. ಇದ್ದದ್ದೊಂದೇ ಹಸು. ಕಲ್ಲವ್ವ ಕೊಡುತ್ತಾಳೆ. ಕರು ಹಗ್ಗ ಹರಿದುಕೊಂಡು ತಾಯಿಯ ಹಿಂದೆ ಓಡುತ್ತದೆ.

ಹಗ್ಗಿಲ್ಲದ ಕರುವು ಹಾದೀಯ ಕೇಳ್ಯಾದ
ಹಳ್ಳದ ದಂಡ್ಯಾಗ ಹೆಜ್ಜಿಲ್ಲ, ಶಿವನೇ
ನೀರಾಗ ತನ್ನ ನೆಳಲಯ್ಯ

ಅಲ್ಲಿಗೆ ಬಂದಿತ್ತು. ಸಿದ್ದಕ್ಕ ಎದೆಯಿಂದ ಹೂಂ ಅಂದಿದ್ದಳು. ಅಷ್ಟರಲ್ಲಿ ಶಿವಗಂಗಾ ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸಿದಳು.

ಮುಂದೇನಾಗುತ್ತದೆಂದು ಸಿದ್ದಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಶ್ರಾವಣ ಕೇಳಿದ ಕಥೆ. ಆದರೆ ಹೇಳುವವರ ಬಾಯಿಂದ ಬಾರದೆ ಕರು ಹಳ್ಳದ ದಂಡೆಯಲ್ಲೇ ನಿಂತಿತ್ತು.

ಹೋದ ಹೊಸತಿನಲ್ಲಿ ಶಿವಗಂಗಾ ಫೋನು ಹಚ್ಚಿಕೊಟ್ಟಳು. ಆ ಕಡೆ ಮುದುಕಿ, ಈ ಕಡೆ ಸಿದ್ದಕ್ಕ. ಪದ ಬಂತು. ಸಿದ್ದಕ್ಕ ಹೂಂ ಅಂದಳು. ಆ ಕಡೆ ಮೌನ.

“ಸಿದ್ದೀ, ಅದೀಯಿಲ್ಲೋ?”

“ಅದೀನಿ ದೊಡ್ಡವ್ವಾ, ಅಂದ್ನೆಲ್ಲ.”

“ನನಗ ಕೇಳಲಿಲ್ಲ.”

ಮತ್ತೆ ಅಂದಳು. ಮತ್ತೆ ಕೇಳಲಿಲ್ಲ. ಗಟ್ಟಿಯಾಗಿ ಅಂದರೆ ಅರ್ಧ ಹೋಯಿತು, ಅದೂ ತಡವಾಗಿ. ಅಷ್ಟರಲ್ಲಿ ಮುದುಕಿ ಮುಂದಿನ ಸಾಲು ಎತ್ತಿ, ಇಬ್ಬರ ದನಿಯೂ ಒಂದರ ಮೇಲೊಂದು ಬಿತ್ತು. ಶಿವಗಂಗಾ ಫೋನು ಇಸಿದುಕೊಂಡು ಬಿಡಿಸಿ ಹೇಳಿದಳು: “ಅತ್ತೀ, ಮಾತಲ್ಲದ ಸಪ್ಪಳಾನ ಇದು ತಾನ ಒರಸಿ ಹಾಕ್ತೈತ್ರಿ. ಫ್ಯಾನಿನ ಸಪ್ಪಳ, ಕುಕ್ಕರಿನ ಸಪ್ಪಳ, ನಿಮ್ಮ ಹೂಂ, ಎಲ್ಲಾ ಅದಕ್ಕ ಒಂದ.”

ಸಿದ್ದಕ್ಕ ನಗುವುದೋ ಅಳುವುದೋ ತಿಳಿಯದೆ ಫೋನು ಕೆಳಗಿಟ್ಟಳು. ಆಮೇಲೆ ಕರೆಗಳೂ ನಿಂತವು.

ಮೊರ ಕೇರಿದ ಆ ಸಂಜೆಯ ಮರುದಿನ ಭಾನುವಾರ. ಮಧ್ಯಾಹ್ನ ಮೆಟ್ರೊ ಇಳಿದು ಅಜ್ಜಿ ಮೊಮ್ಮಗಳು ಇಬ್ಬರೂ ಬಂದೇಬಿಟ್ಟರು. ಸಿದ್ದಕ್ಕ ಮುದುಕಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಹಾಂತಮ್ಮ ಸೊರಗಿದ್ದಳು. ಸೆರಗಿನೊಳಗಿಂದ ಕಿವಿಯಲ್ಲಿ ಬಿಳಿಯದೊಂದು ಇಣುಕುತ್ತಿತ್ತು.

“ಕಿವಿಯಾಗೇನ ದೊಡ್ಡವ್ವಾ, ಹೊಸಾ ಓಲಿ ಮಾಡಿಸೀಯೇನು?”

“ಓಲಿ ಅಲ್ಲ, ಇಕಿ ತಂದು ಗಂಟುಹಾಕಿದ್ದು,” ಎಂದು ಮುದುಕಿ ಅದನ್ನು ಕಿತ್ತು ಮೊಮ್ಮಗಳ ಕೈಗಿಟ್ಟಳು. ಬೊಚ್ಚು ಬಾಯಿ ತುಂಬ ನಕ್ಕಳು. “ಆಚಿಕಡಿ ಮನಿಯೋರು ಒಡಿಯಾ ಮಂದಿ, ಈಚಿಕಡಿಯೋರು ಬಾಗಲಾನ ತಗಿಯಂಗಿಲ್ಲ. ನಾಲಿಗಿ ಒಣಗೈತಿ ಸಿದ್ದೀ. ಮೊದಲ ಮೆಟ್ಲಕ್ಕ ನಡಿ. ಕಲ್ಲವ್ವ ಅರ್ಧಕ್ಕ ನಿಂತಾಳ.”

ಚಹಾಕ್ಕೂ ಕಾಯಲಿಲ್ಲ. ಚಪ್ಪಲಿ ಸರಿಸಿ ತನ್ನ ಮೆಟ್ಟಿಲ ಮೇಲೆ ಕೂತಳು. ಸಿದ್ದಕ್ಕ ಕೆಳಗಿನ ಮೆಟ್ಟಿಲಲ್ಲಿ ಸೆರಗು ಹೊದ್ದು, ಕೈಮುಗಿದು ಕೂತಳು. ಶಿವಗಂಗಾ ಬಾಗಿಲಿಗೆ ಒರಗಿ ನಿಂತಳು.

ಮುದುಕಿ ಕರುವಿನ ಪದ ಎತ್ತಿದಳು. ದನಿ ಒಡೆದಿದ್ದರೂ ಪದ ತಪ್ಪಲಿಲ್ಲ. ಸಿದ್ದಕ್ಕ ಹೂಂ ಅಂದಳು.

“ಕಲ್ಲವ್ವ ಏನ್ ಮಾಡ್ತಾಳ? ಗ್ವಾದಲಿ ತಾಕ ಹೋಗ್ತಾಳ.”

“ಹೂಂ.”

“ಗ್ವಾದಲಿಯೊಳಗ ಕರು ಮಲಗೇತಿ. ಅದಕ್ಕ ಹುಲ್ಲು ಹಾಕ್ತಾಳ.”

ಸಿದ್ದಕ್ಕ ಸುಮ್ಮನಾದಳು. ಕರು ಮನೆಯಲ್ಲಿಲ್ಲ. ಹಳ್ಳದ ದಂಡೆಯಲ್ಲಿದೆ. ಈಗಷ್ಟೇ ಮುದುಕಿಯೇ ಅದನ್ನು ಅಲ್ಲಿ ನಿಲ್ಲಿಸಿ ಬಂದಿದ್ದಾಳೆ. ಸಿದ್ದಕ್ಕ ತುಟಿ ಬಿಗಿದು, ಮುದುಕಿ ನಿಲ್ಲುವುದನ್ನು ಕಾದಳು. ಕಣ್ಣು ಮುಚ್ಚುತ್ತಾಳೆ, ಹಾದಿ ಬಿಟ್ನಿ ಅನ್ನುತ್ತಾಳೆ.

ಮಹಾಂತಮ್ಮ ನಿಲ್ಲಲಿಲ್ಲ.

“ಹುಲ್ಲು ಹಾಕಿ, ಮೈ ಸವರಿ, ನಿನ್ನ ತಾಯಿ ಕೈಲಾಸಕ್ಕ ಹೋದ್ಳು ಅಂತಾಳ. ಕರು ಅಂಬಾ ಅಂತೈತಿ. ಶಿವ ಮೆಚ್ಚತಾನ. ಅಲ್ಲಿಗಿ ಶರಣೆ ಕಥಿ ಮುಗೀತು.”

ಹಳ್ಳ ದಾಟುವುದು ಬರಲಿಲ್ಲ. ಕರುವನ್ನು ಹುಡುಕುತ್ತಾ ಕಲ್ಲವ್ವ ನೀರಿಗಿಳಿಯುವುದು ಬರಲಿಲ್ಲ. ನೀರೊಳಗೆ ಜಂಗಮನ ಕೈ ಸಿಗುವುದು ಬರಲಿಲ್ಲ. ಮುದುಕಿ ಮುಖ ಒರೆಸಿಕೊಂಡು ತೃಪ್ತಿಯಿಂದ ನೋಡಿದಳು. ಕೇಳಿದವಳು ಬಾಯಿ ಬಿಡದೆ ಕೂತಿದ್ದು ಅವಳಿಗೆ ತಿಳಿಯಲೇ ಇಲ್ಲ.

ಸಿದ್ದಕ್ಕನ ಕೈಗಳು ಮುಗಿದಂತೆಯೇ ಉಳಿದವು.

“ದೊಡ್ಡವ್ವಾ, ಅಲ್ಲಿ ಯಾರಿಗರೆ ಹೇಳ್ತಿದ್ದೇನು?”

“ದಿನಾ ಹೇಳ್ತೀನಿ. ಇಕಿ ವ್ಯವಸ್ಥಾ ಮಾಡ್ಯಾಳ.”

ಶಿವಗಂಗಾ ಉತ್ಸಾಹದಿಂದ ಮುಂದೆ ಬಂದಳು. “ನಾ ಹೂಂ ಅಂದು ಫೋನಿನ್ಯಾಗ ತುಂಬೀನ್ರಿ ಅತ್ತೀ. ಆಯಿ ಉಸುರು ತಗೊಳ್ಳಾಕ ನಿಂತ್ಳಂದ್ರ ಸಾಕು, ಅದು ಕಿವ್ಯಾಗ ಹೂಂ ಅಂತೈತಿ. ಒಂದೂ ತಪ್ಪಿಸಂಗಿಲ್ಲ. ನಾ ಕೆಲಸಕ್ಕ ಹೋದ್ರೂ ಆಯಿ ಒಬ್ಬಾಕಿನ ಕುಂತು ಹೇಳ್ತಾಳ. ಇಲ್ಲಂದ್ರ ದಿನಾ ಗ್ವಾಡಿ ನೋಡ್ಕೊತ ಅಳತಿದ್ಳು.”

“ಖರೆ ಅಳತಿದ್ನಿ,” ಎಂದಳು ಮಹಾಂತಮ್ಮ. “ಆದ್ರ ಇಕಿ ಹೂಂ ಚಲೋ ಇಲ್ಲ ಸಿದ್ದೀ. ಶರಣರು ಸತ್ರೂ ಹೂಂ, ಹುಟ್ಟಿದ್ರೂ ಹೂಂ. ಅಂಗಡಿಯಾಗ ಸಾಮಾನು ಬರಸಿಧಂಗ.”

“ಅದಕ್ಕಽ ಬಂದೀವ್ರಿ,” ಎಂದು ಶಿವಗಂಗಾ ಫೋನು ತೆಗೆದು ಸಿದ್ದಕ್ಕನ ಬಾಯಿಯ ಹತ್ತಿರ ಹಿಡಿದಳು. “ನಿಮ್ಮ ಹೂಂ ಬೇಕು. ದುಃಖದ್ದು ಒಂದೀಟು, ಖುಷಿದು ಒಂದೀಟು, ಎಳದು ಅಂತೀರೆಲ್ಲ, ಅದು ಒಂದೀಟು. ಕಥಿ ಬ್ಯಾಡ ಏನ್ ಬ್ಯಾಡ, ಬರೀ ಹೂಂ ಅನ್ರಿ. ಚಹಾ ಕುದಿಯೂದ್ರೊಳಗ ಮುಗೀತೈತಿ.”

ಸಿದ್ದಕ್ಕ ಫೋನನ್ನು ನೋಡಿದಳು, ಮುದುಕಿಯನ್ನು ನೋಡಿದಳು. ತನ್ನ ದನಿ ಆ ಕಿವಿಯಲ್ಲಿ ಕೂತು, ಮುದುಕಿ ಕರು ಗೋದಲಿಯಲ್ಲಿ ಮಲಗಿದೆ ಎಂದರೂ ಹೂಂ ಅನ್ನುತ್ತದೆ. ಕಲ್ಲವ್ವನ ಹೆಸರೇ ಮರೆತರೂ ಅನ್ನುತ್ತದೆ, ಎದೆಯಿಂದಲೇ, ಎಳೆದೇ ಅನ್ನುತ್ತದೆ. ಮುದುಕಿ ನಂಬುತ್ತಾಳೆ. ಇಷ್ಟು ವರ್ಷ ನಂಬಿದ ದನಿಯಲ್ಲವೇ. ಕೊಡದಿದ್ದರೆ? ಮತ್ತೆ ಗೋಡೆ, ಮತ್ತೆ ಅಳು. ಇಲ್ಲವೇ ಅದೇ ಅಂಗಡಿಯ ಹೂಂ.

“ಕರು ಎಲ್ಲಿ ಐತಿ ದೊಡ್ಡವ್ವಾ?” ಎಂದು ಮೆಲ್ಲಗೆ ಕೇಳಿದಳು. ದೊಡ್ಡವರನ್ನು ಹೀಗೆ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

“ಯಾವ ಕರು?”

ಸಿದ್ದಕ್ಕ ತಲೆ ತಗ್ಗಿಸಿದಳು.

ಮಹಾಂತಮ್ಮ ಬಾಗಿ ಅವಳ ಗದ್ದ ಹಿಡಿದಳು. “ಇಕಿ ಕೇಳಾಕತ್ತಿಲ್ಲವ್ವಾ, ನಾ ಕೇಳಾಕತ್ತೀನಿ. ನನ್ನ ಕೂಡ ನೀ ಅಂತೂ ಬರಾಕ ಆಗಂಗಿಲ್ಲ. ನಿನ್ನ ಹೂಂ ಅರೆ ಬರಲಿ. ನಾ ಸಾಯೂ ಮಟ ನನಗ ಕೇಳೋರು ಒಬ್ರು ಅದಾರು ಅಂತ ಇರಲಿ. ಕೊಡ್ತಿಯೋ ಇಲ್ಲೋ?”

ಶಿವಗಂಗಾ ಫೋನನ್ನು ಇನ್ನಷ್ಟು ಹತ್ತಿರ ತಂದಳು. ಅದರ ಮೇಲೆ ಕೆಂಪು ಚುಕ್ಕೆ ಮಿನುಗತೊಡಗಿತ್ತು.

ಸಿದ್ದಕ್ಕ ಗದ್ದದ ಮೇಲಿನ ಕೈಯನ್ನು ಬಿಡಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಮುದುಕಿಯ ತೊಡೆಯ ಮೇಲೆ ಮೆತ್ತಗೆ ಇಟ್ಟಳು.

“ಇಲ್ಲ ದೊಡ್ಡವ್ವಾ,” ಎಂದಳು. “ನಾ ಕೊಡಂಗಿಲ್ಲ.”