ಸಿರಿಯ ಹೆಸರಿನ ತಟ್ಟೆ

ಲ್ಯಾಬಿನ ಕಪಾಟಿನೊಳಗೆ ಹೇಮಾಶ್ರೀ ಸಾಕಿಕೊಂಡಿದ್ದದ್ದು ಲೋಳೆಬೂಷ್ಟು, ಇಂಗ್ಲಿಷಿನಲ್ಲಿ ಸ್ಲೈಮ್ ಮೋಲ್ಡ್ ಎನ್ನುವ ಜೀವಿ. ಅರಿಶಿನದ ನೀರು ಚೆಲ್ಲಿದಂಥ ಬಣ್ಣ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಹೆಪ್ಪುಗಟ್ಟಿದ ಅಂಟಿನ ಮೇಲೆ ಓಟ್ಸ್ ಕಾಳಿನಿಂದ ಕಾಳಿಗೆ ನರಗಳ ಹಾಗೆ ಹರಡಿ ತೆವಳುತ್ತಿತ್ತು. ಅರಸೀಕೆರೆಯ ಆ ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಲು ಇದ್ದವಳು ಅವಳೊಬ್ಬಳೇ. ಹಾಸನದ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಒಯ್ಯುತ್ತೇನೆಂದು ಪ್ರಿನ್ಸಿಪಾಲರಿಗೆ ಮಾತು ಕೊಟ್ಟುಬಿಟ್ಟಿದ್ದಳು.

ಮಾತು ಕೊಟ್ಟ ಮೇಲೆಯೇ ತಟ್ಟೆಗಳಿಗೆ ಹಸಿರು ಬೂಷ್ಟು ಬೀಳತೊಡಗಿತು. ಲೋಳೆಯ ತಾಜಾ ಅಂಚನ್ನಷ್ಟೇ ಕತ್ತರಿಸಿ ಹೊಸ ತಟ್ಟೆಗೆ ಹಾಕಿದರೆ ಅಲ್ಲಿಗೂ ಅದು ಬೆನ್ನಟ್ಟಿ ಬಂತು. ಚಿಮಟವನ್ನು ಬೆಂಕಿಗೆ ಹಿಡಿದಳು, ಮೇಜನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು, ಫ್ಯಾನು ನಿಲ್ಲಿಸಿ ಬೆವರುತ್ತ ಕೆಲಸ ಮಾಡಿದಳು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ, ಸಹಾಯಕ್ಕೆ ಬರುವ ಹುಡುಗಿಯರಲ್ಲೇ ಯಾರದೋ ಕೈ ಕೊಳಕು ಎಂದು ತೀರ್ಮಾನಿಸಿದಳು.

ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬೆರಳನ್ನೂ ಒಂದೊಂದು ಅಗರ್ ತಟ್ಟೆಗೆ ಒತ್ತಿಸಿದಳು. ಮುಚ್ಚಳದ ಮೇಲೆ ಹೆಸರು ಬರೆದಿಟ್ಟಳು. ವಾರ ಕಳೆದು ತೆಗೆದರೆ ಎಲ್ಲರ ತಟ್ಟೆಯಲ್ಲೂ ಸೂಕ್ಷ್ಮಾಣುಗಳ ಅಷ್ಟಿಷ್ಟು ಚುಕ್ಕೆಗಳಿದ್ದವು. ಸಿರಿಯದು ಮಾತ್ರ ಕೆನೆಗಟ್ಟಿದ ಹಾಗೆ ತುಂಬಿ ನಾರುತ್ತಿತ್ತು. ಸಿರಿ ಮಾದಿಹಳ್ಳಿಯವಳು. ಬೆಳಿಗ್ಗೆ ಸಗಣಿ ಬಾಚಿ, ಹಾಲು ಕರೆದು ಬಸ್ಸು ಹತ್ತುವವಳು. ಅಂಥ ಕೈಯಲ್ಲಿ ಇಷ್ಟು ಬೆಳೆಯುವುದು ಸಹಜ, ಅದರಲ್ಲಿ ಆ ಹಸಿರು ಬೂಷ್ಟಿನ ಒಂದು ಎಳೆಯೂ ಇಲ್ಲ. ಇವೆರಡೂ ಹೇಮಾಶ್ರೀಗೆ ಗೊತ್ತಾಗದೆ ಇರಲಿಲ್ಲ. ಆದರೂ ತಟ್ಟೆಯನ್ನು ಎತ್ತಿ ಹಿಡಿದಳು.

"ನೋಡ್ರಿ, ಇದು ಸಿರಿ ಕೈ. ಈ ಕೈಲಿ ನನ್ನ ಕಲ್ಚರ್ ಮುಟ್ತಿದ್ಲು."

ಹುಡುಗಿಯರು ನಕ್ಕರು. ಯಾರೋ ಫೋಟೊ ತೆಗೆದರು. ಸೋಪು ಹಾಕಿ ತೊಳೆದುಕೊಂಡೇ ಬರುತ್ತೇನೆಂದು ಸಿರಿ ಸಣ್ಣ ದನಿಯಲ್ಲಿ ಹೇಳಿದಳು. ನಾಳೆಯಿಂದ ಲ್ಯಾಬಿನ ಹೊಸ್ತಿಲು ತುಳಿಯಬೇಡ ಎಂದಳು ಹೇಮಾಶ್ರೀ.

ಸಿರಿ ಹೋದಳು, ಹಸಿರು ಹೋಗಲಿಲ್ಲ. ಹೇಮಾಶ್ರೀಗೆ ಅಳುಕು ಹುಟ್ಟಿತು. ಅಗರ್ ಮಾತ್ರ ಇದ್ದ ಬರೀ ತಟ್ಟೆಗಳನ್ನು ಅಲ್ಲಲ್ಲಿ ಸ್ವಲ್ಪ ಹೊತ್ತು ತೆರೆದಿಟ್ಟು, ಮುಚ್ಚಿ ಕೆಲವು ದಿನ ಬಿಟ್ಟು ನೋಡಿದಳು. ಲ್ಯಾಬಿನದು, ವರಾಂಡದ್ದು ಚೆನ್ನಾಗಿಯೇ ಉಳಿದವು. ಅವಳ ಅಡುಗೆಮನೆಯಲ್ಲಿಟ್ಟದ್ದು ಹಸಿರು ಜಮಖಾನ ಹಾಸಿದಂತಾಯಿತು. ಗಂಡ ಚನ್ನೇಶನದು ಕೊಬ್ಬರಿ ವ್ಯಾಪಾರ. ಅಡುಗೆಮನೆಗೆ ಅಂಟಿಕೊಂಡ ಶೆಡ್ಡಿನಲ್ಲೇ ಆಳುಗಳು ಬೂಷ್ಟು ಹಿಡಿದ ಕೊಬ್ಬರಿಯನ್ನು ಆರಿಸಿ ಎಸೆಯುತ್ತಿದ್ದರು. ಅವಳು ಲೋಳೆಗೆಂದು ಓಟ್ಸ್ ಬೇಯಿಸಿ, ಕುಕ್ಕರಿನ ಮುಚ್ಚಳ ತೆಗೆದು ಆರಲು ಬಿಡುತ್ತಿದ್ದದ್ದೂ ಅಲ್ಲೇ. ಟಿಫನ್ ಡಬ್ಬಿಯಲ್ಲಿ ದಿನಾ ಹಸಿರನ್ನು ಹೊತ್ತು ತಂದವಳು ತಾನೇ.

ಆ ತಟ್ಟೆಯನ್ನು ತಿಕ್ಕಿ ತೊಳೆದಳು. ಲ್ಯಾಬಿಗೇ ಒಂದು ಸಣ್ಣ ಕುಕ್ಕರ್ ತಂದಿಟ್ಟಳು. ಯಾರಿಗೂ ಏನೂ ಹೇಳಲಿಲ್ಲ. ಲೋಳೆ ಚೊಕ್ಕವಾಗಿ, ಹಳದಿಯಾಗಿ ಹಬ್ಬಿತು.

ಅದಾದ ಮೇಲೊಂದು ಮಧ್ಯಾಹ್ನ ಸಿರಿಯ ತಾಯಿ ಸಾವಿತ್ರಮ್ಮ ಮಗಳನ್ನು ಕರೆದುಕೊಂಡು ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಮ್ನೋರೇ, ಆ ಫೋಟೊ ಊರಿಗೆಲ್ಲ ಬಂದೈತೆ. ನಮ್ಮುಡುಗಿ ಕೈಗೆ ಕಾಯ್ಲೆ ಅಂತ ಹಾಲು ತಗಳೋ ಮನೆಯೋರು ಬ್ಯಾಡ ಅಂದ್ರು. ಇವ್ಳು ಬ್ಲೀಚಿಂಗ್ ಪೌಡ್ರಲ್ಲಿ ಕೈ ಉಜ್ಕತಾ ಕೂತವ್ಳೆ. ಕಾಯ್ಲೆ ಏನಿಲ್ಲ ಅಂತ ಅವ್ರಿಗೆ ನೀವೊಂದ್ ಮಾತು ಫೋನಲ್ಲಿ ಹೇಳ್ಬುಡಿ, ಸಾಕು."

ಸಿರಿಯ ಅಂಗೈ ಸುಲಿದು ಕೆಂಪಗೆ ಬಿರುಕು ಬಿಟ್ಟಿತ್ತು. ಅವಳು ತಾಯಿಯ ಕಡೆ ನೋಡುತ್ತಿರಲಿಲ್ಲ, ಮೇಜಿನ ಮೇಲಿದ್ದ ಹಳದಿ ತಟ್ಟೆಗಳನ್ನು ನೋಡುತ್ತಿದ್ದಳು.

"ಈಗ ಬೂಷ್ಟು ಬೀಳ್ತಿಲ್ವಾ ಮೇಡಂ?"

ಹೇಮಾಶ್ರೀ ಬಾಗಿಲ ಕಡೆ ನೋಡಿದಳು. ಆಚೆ ವರಾಂಡದಲ್ಲಿ ಪ್ರಿನ್ಸಿಪಾಲರು ಯಾರೊಡನೆಯೋ ಮಾತಾಡುತ್ತಿದ್ದರು.

"ಇಲ್ಲ," ಎಂದಳು. "ನೀನು ಬಿಟ್ಟ ಮೇಲೆ ನಿಂತೋಯ್ತು."

ಸಿರಿ ತಲೆಯಾಡಿಸಿದಳು. ಅವಳಿಗೂ ಒಳಗೊಳಗೇ ಇದ್ದ ಅನುಮಾನ ಖಾತ್ರಿಯಾದ ಹಾಗಿತ್ತು. ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಹೇಮಾಶ್ರೀ ಸಾವಿತ್ರಮ್ಮನಿಗೆ ಹೇಳಿದಳು. ಆಕೆ ಕೈಮುಗಿದಳು.

ಪ್ರದರ್ಶನದಲ್ಲಿ ಜನ ತಟ್ಟೆಗಳ ಸುತ್ತ ಮುತ್ತಿಕೊಂಡರು. ಇಷ್ಟು ಚೊಕ್ಕವಾಗಿ ಹೇಗೆ ಇಟ್ಟುಕೊಂಡಿರಿ ಎಂದು ಕೇಳಿದವರಿಗೆಲ್ಲ ಹೇಮಾಶ್ರೀ ನಗುತ್ತ ವಿವರಿಸಿದಳು. ಆ ವರ್ಷ ಸಿರಿ ಪರೀಕ್ಷೆಗೆ ಕೂರಲಿಲ್ಲ. ಮನೆಯಲ್ಲಿ ಅವಳು ಹಸುವಿನ ಹತ್ತಿರ ಹೋಗುವುದಿಲ್ಲವಂತೆ, ತಮ್ಮನಿಗೂ ಕೈಯಾರೆ ಬಡಿಸುವುದಿಲ್ಲವಂತೆ ಎಂದು ಅವಳ ಜೊತೆ ಓದುತ್ತಿದ್ದ ದಿವ್ಯಾ ಒಂದು ದಿನ ಹೇಳಿದಳು. ಆ ಸಂಜೆ ಹೇಮಾಶ್ರೀ ಬಸ್‌ ಸ್ಟ್ಯಾಂಡಿನವರೆಗೆ ಹೋದಳು. ಮಾದಿಹಳ್ಳಿಗೆ ಹೋಗುವ ಹಳೇಬೀಡಿನ ಬಸ್ಸು ನಿಂತೇ ಇತ್ತು. ಹೋಗಿ ಏನೆಂದು ಬಾಯಿ ಬಿಡುವುದು ಎಂದು ಯೋಚಿಸುತ್ತಿರುವಾಗ ಅದು ಹೊರಟಿತು. ಆಟೊ ಹಿಡಿದು ಮನೆಗೆ ಬಂದಳು.

ಮುಂದಿನ ವರ್ಷದ ಹುಡುಗಿಯರು ಲ್ಯಾಬಿನ ಬಾಗಿಲಲ್ಲಿ ಎರಡೂ ಅಂಗೈ ಚಾಚಿ ನಿಂತರು. ಹಾಗೆ ನಿಲ್ಲಿರೆಂದು ಅವಳು ಯಾರಿಗೂ ಹೇಳಿರಲಿಲ್ಲ. ಇಳಿಸಿ ಎನ್ನಬೇಕೆಂದುಕೊಂಡಳು. ಆದರೆ ಒಂದೊಂದೇ ಕೈ ನೋಡಿ ಒಳಗೆ ಬಿಟ್ಟಳು.