ಕಣದ ಮೂಲೆಯ ಅಕ್ಷರಗಳು

ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ ಒಂಬತ್ತರ ಹೊತ್ತು. ಇಬ್ಬನಿ ಆರಿತ್ತು. ಗೋಣಿಬೀಡಿನ ಹತ್ತಿರದ ನಮ್ಮ ತೋಟದ ಕಣದಲ್ಲಿ ಕಾಫಿ ಚೆರಿ, ಅಂದರೆ ಸಿಪ್ಪೆ ಸಮೇತದ ಹಣ್ಣು, ಒಣಗಲು ಹರವಿದ್ದೆವು. ಚಿಕ್ಕಮಗಳೂರಿನಿಂದ ನನ್ನ ತಂಗಿ ಸರ್ವಮಂಗಳಾ ಬಂದಿದ್ದಳು. ಮೂವತ್ತು ವರ್ಷ ಮೇಷ್ಟ್ರುಗಿರಿ ಮಾಡಿದವಳು. ನನ್ನ ಓದು ಎರಡನೇ ಕ್ಲಾಸಿಗೇ ಮುಗಿದದ್ದು. ಹಾಗಾಗಿ ಆ ವಿಷಯದಲ್ಲಿ ಅವಳೆದುರು ನಾನು ಬಾಯಿ ಬಿಡುವುದಿಲ್ಲ.

ಮೊಮ್ಮಗಳು ಸುಪ್ರಿಯಾಗೆ ಏಳು ತುಂಬಿದರೂ ಓದು ಹತ್ತಿರಲಿಲ್ಲ. ಪಕ್ಕದ ಮನೆಯ ಗಾನಶ್ರೀ ಬಸ್ಸಿನ ಬೋರ್ಡು ನೋಡಿ ನೋಡಿಯೇ ಓದಲು ಕಲಿತಿದ್ದಳು. ಇವಳಿಗೆ ಪುಸ್ತಕ ತೆರೆದರೆ ಅಳು.

"ಇವಳನ್ನ ನಂಜೊತೆ ಕಳ್ಸು ರಶ್ಮಿ. ಎರಡು ವರ್ಷ ಅಲ್ಲೇ ಇರ್ಲಿ," ಎಂದಳು ಸರ್ವಮಂಗಳಾ ನನ್ನ ಸೊಸೆಗೆ.

"ಶಿವರಾತ್ರಿವರೆಗೆ ನೋಡಾಣ ಅತ್ತೆ. ಒಂದು ಪುಟ ಓದದಿದ್ರೆ ಕರ್ಕೊಂಡು ಹೋಗಿ."

ಮಗು ಕೇಳಿಸಿಕೊಂಡಿತು. ಅಂದು ಊಟಕ್ಕೆ ಬರಲಿಲ್ಲ.

ಚೆರಿಯನ್ನು ಆಗಾಗ ಕಾಲಲ್ಲಿ ಸಾಲು ಎಳೆದು ತಿರುವಬೇಕು. ಮಾರನೆಯ ದಿನ ಸುಪ್ರಿಯಾಗೆ ಆ ಕೆಲಸ ಹೇಳಿದೆ. ಬಂದು ನೋಡಿದರೆ ಸಾಲೆಲ್ಲ ಸೊಟ್ಟ.

"ನೆಟ್ಟಗೆ ಎಳಿ ಮಾರಾಯ್ತಿ, ಹಾವು ಹೋದಂಗಿದೆ," ಎಂದು ಹಲಗೆಯಲ್ಲಿ ಎಲ್ಲ ಸಮ ಮಾಡಿಬಿಟ್ಟೆ.

"ಅಯ್ಯೋ ಅಜ್ಜ, ನನ್ನ 'ಗ' ಅಳಿಸಿದ್ರಿ!"

ಕಣ್ಣಿಗೆ ನಿಲ್ಲದ ಅಕ್ಷರ ಅವಳ ಕಾಲಿಗೆ ನಿಂತಿತ್ತು. ನನಗೆ ನಾಚಿಕೆಯಾಯಿತು. ಕಣದ ಒಂದು ಮೂಲೆ ಅವಳಿಗೇ ಬಿಟ್ಟೆ. ಸ್ಕೂಲಿಂದ ಬಂದವಳೇ ಪುಸ್ತಕ ನೋಡಿಕೊಂಡು ಅಲ್ಲಿ ನಡೆಯುವಳು. ಮೊದಲು ಅಕ್ಷರ, ಆಮೇಲೆ ಪದ.

"ಏನ್ ಯಜಮಾನ್ರೇ, ಚೆರಿನೂ ಸ್ಕೂಲಿಗೆ ಸೇರ್ಸಿದ್ರಾ?" ಎಂದು ಮೇಸ್ತ್ರಿ ಬೊಮ್ಮಯ್ಯ ನಕ್ಕ. ಆ ಮೂಲೆಯದು ಒಣಗಲು ಎರಡು ದಿನ ಹೆಚ್ಚೇ ಹಿಡಿಯಿತು.

ಶಿವರಾತ್ರಿ ಭಾನುವಾರ ಬಂತು. ಹಬ್ಬಕ್ಕೆ ಮತ್ತೆ ಬಂದಿದ್ದ ಸರ್ವಮಂಗಳಾ ಮಧ್ಯಾಹ್ನ ಹೊಸ ಪುಸ್ತಕ ಬಿಡಿಸಿದಳು. ಸುಪ್ರಿಯಾ ಬೆಂಚಿನ ಮೇಲೆ ಕೂತು, ಬಲಗಾಲನ್ನು ನೆಲದ ಮೇಲೆ ಎಳೆಯುತ್ತ ಓದತೊಡಗಿದಳು.

"ಕಾಲಾಡಿಸ್ಬೇಡ. ಸರಿಯಾಗಿ ಕೂತ್ಕೊಂಡು ಓದು."

ಕಾಲು ನಿಂತಿತು. ಓದೂ ನಿಂತಿತು. ರಶ್ಮಿ ಮುಖ ಆ ಕಡೆ ತಿರುಗಿಸಿದಳು.

"ಮಂಗಳಾ, ಕಾಲು ಬಿಡು. ಅವಳು ಓದೋದೇ ಅದ್ರಲ್ಲಿ," ಎಂದೆ.

"ಏನಣ್ಣ, ಈಗ ನೀನು ನಂಗೆ ಪಾಠ ಹೇಳ್ತೀಯಾ?"

"ಇವತ್ತೊಂದಿನ."

ಸರ್ವಮಂಗಳಾ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದಳು. "ಹೂಂ, ಓದು."

ನಿಧಾನವೇ. ಮೂರು ಕಡೆ ತಡೆಯಿತು. ಪುಟ ಮುಗಿಯಿತು. ನಂಬಿಕೆ ಬಾರದೆ ತಂಗಿ ನಡುವಿನ ಇನ್ನೊಂದು ಪುಟ ತೆಗೆದಳು. ಸುಪ್ರಿಯಾ ಅದನ್ನೂ ಓದಿದಳು.

"ನನ್ನ ಕ್ಲಾಸಲ್ಲಿ ಎಷ್ಟು ಮಕ್ಕಳಿಗೆ ಕಾಲಾಡಿಸ್ಬೇಡ ಅಂದಿದೀನೋ," ಎಂದಳು ಸರ್ವಮಂಗಳಾ. ಪುಸ್ತಕವನ್ನು ಸುಪ್ರಿಯಾ ಕೈಗೇ ಕೊಟ್ಟಳು.

ಮಾರನೆಯ ದಿನ, ಸೋಮವಾರ, ಬೆಳಗಿನ ಬಸ್ಸಿಗೆ ತಂಗಿಯೊಬ್ಬಳೇ ಚಿಕ್ಕಮಗಳೂರಿಗೆ ಹೋದಳು.